ಮೂರಡಿ ಬಾಲ್ಕನಿಯ ಬಣ್ಣದ ಲೆಕ್ಕ

ನರ್ಸರಿಗೆ ಹೋದವರ ಕಣ್ಣು ಮೊದಲು ಬೀಳುವುದು ಹೂವಿನ ಮೇಲೆ. ಪೆಟೂನಿಯ, ಡೇಲಿಯ, ಸೇವಂತಿಗೆ, ಗುಲಾಬಿ ಸಾಲಾಗಿ ಅರಳಿ ನಿಂತಿರುತ್ತವೆ. ಮಾರುವವರೂ ಅವನ್ನೇ ಮುಂದಿಟ್ಟಿರುತ್ತಾರೆ. ಬಣ್ಣದ ಎಲೆಯ ಗಿಡಗಳು ಹಿಂದೆಲ್ಲೋ ಶೇಡ್‌ನೆಟ್ಟಿನ ಕೆಳಗೆ ಇರುತ್ತವೆ. ಅರಳಿದ ಗಿಡವನ್ನು ತಂದು ಬಾಲ್ಕನಿಯಲ್ಲಿಟ್ಟರೆ ಕೆಲವು ವಾರ ಸಂಭ್ರಮ, ಆಮೇಲೆ ಬರೀ ಕಡ್ಡಿ. ತಮ್ಮ ಕೈಗುಣವೇ ಸರಿಯಿಲ್ಲ ಎಂದುಕೊಂಡು ಕುಂಡವನ್ನು ಮೂಲೆಗೆ ಸರಿಸುವವರು ಬಹಳ ಮಂದಿ. ಹೆಚ್ಚಿನ ಸಲ ತಪ್ಪು ಕೈಯದಲ್ಲ, ಆಯ್ಕೆಯದು. ಎಕರೆಗಟ್ಟಲೆ ತೋಟಕ್ಕೆ ಹೊಂದುವ ಆಯ್ಕೆಯ ಕ್ರಮವನ್ನು ಮೂರಡಿ ಅಗಲದ ಜಾಗಕ್ಕೆ ತಂದದ್ದೇ ತೊಡಕು. ಜಾಗ ಚಿಕ್ಕದಾದಷ್ಟೂ ಹೂವಿನ ಬಣ್ಣವನ್ನು ಕಡಿಮೆ ನೆಚ್ಚಬೇಕು, ಎಲೆಯ ಬಣ್ಣವನ್ನು ಹೆಚ್ಚು ನೆಚ್ಚಬೇಕು. ಯಾವ ಎಲೆ ಎಂಬುದನ್ನು ನರ್ಸರಿಯಲ್ಲಲ್ಲ, ಮನೆಯ ಬಿಸಿಲು ನೋಡಿ ತೀರ್ಮಾನಿಸಬೇಕು. ಈ ಅಧ್ಯಾಯದ ವಾದ ಇಷ್ಟೇ.

ಇದಕ್ಕೆ ಕಾರಣ ಗಿಡ ತನ್ನ ಆಹಾರವನ್ನು ಎಲ್ಲಿ ವಿನಿಯೋಗಿಸುತ್ತದೆ ಎಂಬುದರಲ್ಲಿದೆ. ಹೂವಿನ ದಳ ಗಿಡಕ್ಕೆ ಆಹಾರ ತಯಾರಿಸಿಕೊಡುವ ಅಂಗವಲ್ಲ. ಜೇನ್ನೊಣವನ್ನೋ ಚಿಟ್ಟೆಯನ್ನೋ ಸೂರಕ್ಕಿಯನ್ನೋ ಕರೆದು, ಪರಾಗ ಅಂಟಿಸಿ ಕಳಿಸಿದರೆ ಅದರ ಕೆಲಸ ಮುಗಿಯಿತು. ಆಮೇಲೂ ಅದಕ್ಕೆ ನೀರು, ಸಕ್ಕರೆ ಉಣಿಸುತ್ತ ಕೂರುವುದು ಗಿಡಕ್ಕೆ ನಷ್ಟ. ದಾಸವಾಳ ಬೆಳಿಗ್ಗೆ ಅರಳಿ ದಿನ ಕಳೆಯುವುದರೊಳಗೆ ಮುದುಡುತ್ತದೆ. ಸಂಜೆಮಲ್ಲಿಗೆ ಹೊತ್ತಿಳಿದ ಮೇಲೆ ಬಿರಿದು ಮರುದಿನ ಬಿಸಿಲೇರುವಷ್ಟರಲ್ಲಿ ಬಾಡುತ್ತದೆ. ಎಷ್ಟೋ ಆರ್ಕಿಡ್‌ಗಳಲ್ಲಿ ವಾರಗಟ್ಟಲೆ ತಾಜಾ ಇರುವ ಹೂವು, ಪರಾಗ ಬಿದ್ದ ಕೂಡಲೇ ಎಥಿಲೀನ್ ಅನಿಲ ಹೊಮ್ಮಿಸಿ ಬೇಗ ಬಾಡಿಬಿಡುತ್ತದೆ. ಎಲೆ ಹಾಗಲ್ಲ. ಅದು ಗಿಡಕ್ಕೆ ಅನ್ನ ದುಡಿಯುವ ಅಂಗ. ದುಡಿಯುವಷ್ಟು ಕಾಲವೂ ಅದನ್ನು ಉಳಿಸಿಕೊಳ್ಳುವುದರಲ್ಲೇ ಗಿಡಕ್ಕೆ ಲಾಭ. ಒಂದು ಕ್ರೋಟನ್ ಎಲೆ ತಿಂಗಳುಗಟ್ಟಲೆ ಗಿಡದ ಮೇಲಿರುತ್ತದೆ, ಅಷ್ಟೂ ದಿನ ಬಣ್ಣ ಹೊತ್ತೇ ಇರುತ್ತದೆ.

ದಳಕ್ಕೂ ಎಲೆಗೂ ನಡುವೆ ಮೂರನೆಯದೊಂದು ವರ್ಗವಿದೆ, ನಾವು ಅದನ್ನು ಹೂವೆಂದೇ ಭಾವಿಸುತ್ತೇವೆ. ಬೋಗನ್‌ವಿಲ್ಲಾದ ಗುಲಾಬಿ, ಕಿತ್ತಳೆ ಬಣ್ಣದ ಕಾಗದದಂಥ ಮೂರು ಎಸಳುಗಳು ದಳಗಳಲ್ಲ, ಬಣ್ಣಗೊಂಡ ಎಲೆಗಳು. ಹತ್ತಿರ ಹಿಡಿದು ನೋಡಿದರೆ ಪ್ರತಿ ಎಸಳಿನ ನಡುನರಕ್ಕೆ ಅಂಟಿಕೊಂಡಂತೆ ಒಂದು ತೆಳು ಕೊಳವೆ, ಅದರ ತುದಿಯಲ್ಲಿ ಬಿಳಿಯ ಪುಟ್ಟ ನಕ್ಷತ್ರ ಕಾಣುತ್ತದೆ. ನಿಜವಾದ ಹೂವು ಅದು. ಬಿಳಿ ನಕ್ಷತ್ರ ಬಾಡಿದರೂ ಎಸಳುಗಳು ಬಣ್ಣ ಬಿಡದೆ ವಾರಗಟ್ಟಲೆ ನಿಲ್ಲುತ್ತವೆ, ಕೊನೆಗೆ ಬೀಜವನ್ನು ಗಾಳಿಯಲ್ಲಿ ತೇಲಿಸಿ ಒಯ್ಯುವ ಕೆಲಸವನ್ನೂ ಮಾಡುತ್ತವೆ. ಫ್ರೆಂಚ್ ಸಸ್ಯವಿಜ್ಞಾನಿ ಫಿಲಿಬರ್ ಕಾಮರ್ಸನ್ 1767ರಲ್ಲಿ ರಿಯೊ ಡಿ ಜನೈರೊದಲ್ಲಿ ಈ ಬಳ್ಳಿಯನ್ನು ಸಂಗ್ರಹಿಸಿ ತನ್ನ ಯಾನದ ನಾಯಕ ಬೋಗನ್‌ವಿಲ್ಲನ ಹೆಸರಿಟ್ಟ. ಪಾಯಿನ್ಸೆಟಿಯದ ಕೆಂಪು ಎಲೆಗಳು, ಮುಸ್ಸಂಡದ ಹಿಗ್ಗಿದ ಎಸಳುಗಳು ಇದೇ ಬಗೆಯವು. ಹೀಗೆ ಬಣ್ಣ ಎಷ್ಟು ದಿನ ಬಾಳುತ್ತದೆ ಎಂದು ನೋಡಿದರೆ ದಳ ಕೊನೆಯ ಸ್ಥಾನದಲ್ಲಿದೆ, ಹೂವಿನ ಬುಡದ ಎಲೆ ನಡುವೆ ಇದೆ, ನಿಜವಾದ ಎಲೆ ಮೊದಲ ಸ್ಥಾನದಲ್ಲಿದೆ.

ಒಂದಾದ ಮೇಲೊಂದು ಹೂ ಬಿಡುವ ಗಿಡಗಳನ್ನು ಆರಿಸಿಕೊಂಡರೆ ವರ್ಷವಿಡೀ ಹೂವಿನ ಬಣ್ಣ ಸಿಗುತ್ತದಲ್ಲ ಎಂಬುದು ಮೊದಲು ಬರುವ ಆಕ್ಷೇಪ. ಇದಕ್ಕೆ ಬೆಂಗಳೂರೇ ಸಾಕ್ಷಿ ಎನ್ನುವವರಿದ್ದಾರೆ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಮತ್ತು ಅವರ ನಂತರದವರು, ಒಂದು ಜಾತಿಯ ಮರದ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ರಸ್ತೆಮರಗಳನ್ನು ಯೋಜಿಸಿದರು. ತಬೆಬೂಯ, ಜಕರಂಡ, ಗುಲ್‌ಮೊಹರ್ ಸರದಿಯಂತೆ ಊರಿಗೆ ಬಣ್ಣ ಹಚ್ಚುತ್ತವೆ. ಆದರೆ ಈ ಉಪಾಯ ಫಲಿಸುವುದು ಊರು ದೊಡ್ಡದಾಗಿರುವುದರಿಂದ. ಜಕರಂಡ ತನ್ನ ಸರದಿಗಾಗಿ ಕಾಯುವ ಹತ್ತು ತಿಂಗಳು ಸುಮ್ಮನೆ ನಿಂತಿರುವುದಿಲ್ಲ, ನೆರಳು ಕೊಡುತ್ತಿರುತ್ತದೆ. ಆ ಹೊತ್ತಿಗೆ ಕಣ್ಣಿಗೆ ಬೇಕಾದ ಬಣ್ಣ ಮುಂದಿನ ಬೀದಿಯಲ್ಲಿರುತ್ತದೆ. ಹತ್ತು ಕುಂಡಗಳ ಬಾಲ್ಕನಿಯಲ್ಲಿ ಈ ಸರದಿಯನ್ನು ಅನುಸರಿಸಿದರೆ ಯಾವ ತಿಂಗಳಲ್ಲಿ ನೋಡಿದರೂ ಒಂದೆರಡು ಕುಂಡ ಅರಳಿರುತ್ತವೆ, ಎಂಟು ಕುಂಡ ಕಾಯುತ್ತಿರುತ್ತವೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಲ್ಲಿ ಬಾಡಿದ ಕುಂಡ ಕಾಣದಿದ್ದರೆ ಅದಕ್ಕೆ ಕಾರಣ, ಬಾಡಿದ್ದನ್ನು ತೆಗೆದು ಇನ್ನೊಂದನ್ನು ಇಡಲು ಹಿಂದೆ ಬೇಕಾದಷ್ಟು ಕುಂಡಗಳೂ ಆಳುಗಳೂ ಇರುವುದು. ಮನೆಯಲ್ಲಿ ಆ ಹಿತ್ತಲಿಲ್ಲ.

ಹಾಗಾದರೆ ಎಲೆಗೆ ಬಣ್ಣ ಬರುವುದು ಎಲ್ಲಿಂದ? ಪತ್ರಹರಿತ್ತು ಬೆಳಕಿನ ಕೆಂಪು, ನೀಲಿ ಭಾಗಗಳನ್ನು ಹೀರಿ ಹಸಿರನ್ನು ಹೆಚ್ಚಾಗಿ ಬಿಟ್ಟುಕೊಡುವುದರಿಂದ ಎಲೆ ಹಸಿರು. ಅದರ ಜೊತೆಗೆ ಹಳದಿ, ಕಿತ್ತಳೆ ಬಣ್ಣದ ಕೆರೋಟಿನಾಯ್ಡ್‌ಗಳೂ ಎಲ್ಲ ಎಲೆಗಳಲ್ಲಿ ಇರುತ್ತವೆ. ಪತ್ರಹರಿತ್ತು ವಿರಳವಾದ ಕಡೆ ಅವು ಮೇಲೆದ್ದು ಕಾಣುತ್ತವೆ. ಕೆಂಪು, ನೇರಳೆ ಬಣ್ಣ ಕೊಡುವುದು ಬಹುಮಟ್ಟಿಗೆ ಆಂಥೋಸಯನಿನ್. ಹರಿವೆ, ಬೀಟ್‌ರೂಟ್, ಕೋಳಿಜುಟ್ಟಿನ ಹೂ, ಬೋಗನ್‌ವಿಲ್ಲಾಗಳ ಬಳಗದಲ್ಲಿ ಮಾತ್ರ ಅದರ ಜಾಗದಲ್ಲಿ ಬೀಟಲೇನ್ ಎಂಬ ಬೇರೆಯೇ ರಾಸಾಯನಿಕವಿದೆ. ಆಂಥೋಸಯನಿನ್ ಎಲೆಯೊಳಗೆ ಮಾಡುವ ಕೆಲಸಗಳಲ್ಲಿ ಮುಖ್ಯವಾದದ್ದು, ಹೆಚ್ಚಾದ ಬೆಳಕನ್ನು ತಡೆದು ಪತ್ರಹರಿತ್ತಿನ ಯಂತ್ರಾಂಗ ಸುಟ್ಟುಹೋಗದಂತೆ ಕಾಯುವುದು. ಮಾವಿನ ಎಳೆಚಿಗುರು ತಾಮ್ರಗೆಂಪಾಗಿರುವುದು ಆಂಥೋಸಯನಿನ್‌ನಿಂದಲೇ. ಹೀಗಿರುವಾಗ ತೀವ್ರ ಬಿಸಿಲೇ ಇಲ್ಲದ ಕಡೆ ಆ ರಕ್ಷಣೆಗೆ ಗಿಡ ಏಕೆ ಖರ್ಚು ಮಾಡೀತು? ಕ್ರೋಟನ್ನನ್ನು ನೆರಳಿಗಿಟ್ಟರೆ ಹೊಸ ಎಲೆಗಳಲ್ಲಿ ಕೆಂಪು ಇಳಿದು ಹಸಿರು ಏರುತ್ತದೆ, ಇರುವ ಅಲ್ಪ ಬೆಳಕನ್ನು ಹಿಡಿಯಲು ಪತ್ರಹರಿತ್ತು ಹೆಚ್ಚು ಬೇಕಲ್ಲ. ಇಂಡೊನೇಷ್ಯದಿಂದ ಪೆಸಿಫಿಕ್ ದ್ವೀಪಗಳವರೆಗಿನ ಬಿಸಿಲ ನಾಡುಗಳ ಈ ಗಿಡ ಕತ್ತಲ ವರಾಂಡದಲ್ಲಿ ಮಂಕಾಗುವುದು ರೋಗವಲ್ಲ, ಹೊಂದಾಣಿಕೆ.

ಬಿಳಿ ಪಟ್ಟೆ, ಬಿಳಿ ಅಂಚಿನ ಎಲೆಗಳ ಸಂಗತಿ ಇನ್ನೂ ಸೂಕ್ಷ್ಮ. ಅಲ್ಲಿ ಬಣ್ಣದ್ರವ್ಯ ಇರುವುದಿಲ್ಲ ಎಂಬುದೇ ಬಣ್ಣ. ಎಲೆಯ ಆ ಭಾಗದ ಜೀವಕೋಶಗಳು ಪತ್ರಹರಿತ್ತು ತಯಾರಿಸುವ ಶಕ್ತಿ ಕಳೆದುಕೊಂಡಿವೆ. ಅವನ್ನು ಪಕ್ಕದ ಹಸಿರು ಕೋಶಗಳು ಸಾಕಬೇಕು. ಆದ್ದರಿಂದಲೇ ಬಿಳಿ ಹೆಚ್ಚಿರುವ ತಳಿಗಳು ನಿಧಾನವಾಗಿ ಬೆಳೆಯುತ್ತವೆ, ಸಣ್ಣ ಜಾಗಕ್ಕೆ ಅದೂ ಒಂದು ಅನುಕೂಲವೇ. ಕೆಲವೊಮ್ಮೆ ಇಂಥ ಗಿಡದಲ್ಲಿ ಪೂರಾ ಹಸಿರಾದ ಒಂದು ರೆಂಬೆ ಹೊರಡುತ್ತದೆ. ಅದು ಉಳಿದವುಗಳಿಗಿಂತ ಹೆಚ್ಚು ಆಹಾರ ತಯಾರಿಸಿ, ಹೆಚ್ಚು ವೇಗವಾಗಿ ಬೆಳೆದು, ಕಡೆಗೆ ಇಡೀ ಗಿಡವನ್ನೇ ಆವರಿಸುತ್ತದೆ. ಕಂಡ ತಕ್ಷಣ ಬುಡಕ್ಕೆ ಕತ್ತರಿಸಬೇಕು.

ಇನ್ನು ಬಿಸಿಲು. ನಮ್ಮ ಕಣ್ಣನ್ನು ಇದರಲ್ಲಿ ನಂಬುವಂತಿಲ್ಲ. ಮಧ್ಯಾಹ್ನದ ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್. ತೆರೆದ ಆಕಾಶದ ಕೆಳಗಿನ ನೆರಳಿನಲ್ಲಿ ಅದು ಹತ್ತನೇ ಒಂದರಷ್ಟು. ದೀಪ ಹಾಕಿದ ಕೋಣೆಯಲ್ಲಿ ಕೆಲವು ನೂರು ಮಾತ್ರ. ಕಣ್ಣು ಈ ಅಗಾಧ ಅಂತರಕ್ಕೆ ಸಲೀಸಾಗಿ ಹೊಂದಿಕೊಳ್ಳುವುದರಿಂದ ‘ನಮ್ಮ ಹಾಲಿನಲ್ಲಿ ಒಳ್ಳೇ ಬೆಳಕಿದೆ’ ಎನಿಸುತ್ತದೆ. ಗಿಡಕ್ಕೆ ಆ ಹೊಂದಾಣಿಕೆ ಸಾಧ್ಯವಿಲ್ಲ, ಬಿದ್ದ ಬೆಳಕಿಗೆ ತಕ್ಕಷ್ಟೇ ಅದರ ಗಳಿಕೆ. ಮೊಬೈಲಿನ ಲಕ್ಸ್ ಮೀಟರ್ ಆ್ಯಪ್ ಕರಾರುವಾಕ್ಕಾಗಿರದಿದ್ದರೂ ಒಂದು ಮೂಲೆಯನ್ನು ಇನ್ನೊಂದು ಮೂಲೆಗೆ ಹೋಲಿಸಲು ಸಾಕು. ಅದೂ ಬೇಡವೆಂದರೆ ಕುಂಡ ಇಡುವ ಜಾಗದಿಂದ ಒಂದಡಿ ಮೇಲೆ ಅಂಗೈ ಚಾಚಿ ನೆರಳು ನೋಡಬಹುದು: ಬೆರಳುಗಳ ಅಂಚು ಚೂಪಾಗಿ ಮೂಡಿದರೆ ನೇರ ಬಿಸಿಲು, ಮಸುಕಾಗಿ ಕಂಡರೆ ಅರೆನೆರಳು, ನೆರಳೇ ಬೀಳದಿದ್ದರೆ ಅಲ್ಲಿ ಬಣ್ಣದ ಗಿಡಗಳ ಆಯ್ಕೆ ಬಹಳ ಕಿರಿದು.

ದಿಕ್ಕಿನ ವಿಷಯದಲ್ಲಿ ನಾವು ಓದುವ ಸಲಹೆಗಳು ಬಹುಪಾಲು ಇಂಗ್ಲೆಂಡಿನಂಥ ಉತ್ತರದ ದೇಶಗಳವು. ಲಂಡನ್ನಿನಲ್ಲಿ ಸೂರ್ಯ ವರ್ಷವಿಡೀ ಮಧ್ಯಾಹ್ನ ದಕ್ಷಿಣಕ್ಕೇ ಇರುತ್ತಾನೆ, ಹಾಗಾಗಿ ಅಲ್ಲಿ ದಕ್ಷಿಣದ ಗೋಡೆಯೆಂದರೆ ಬಿಸಿಲಿನ ಗೋಡೆ. ಬೆಂಗಳೂರು, ಮಂಗಳೂರುಗಳಿರುವುದು 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಇಲ್ಲಿ ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯಭಾಗ, ವರ್ಷಕ್ಕೆ ಎರಡು ಬಾರಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ನಡುವಿನ ತಿಂಗಳುಗಳಲ್ಲಿ ಅವನು ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ದಕ್ಷಿಣಕ್ಕೆ ತೆರೆದ, ಮೇಲೆ ಹತ್ತಡಿ ಎತ್ತರದಲ್ಲಿ ಸಜ್ಜೆಯಿರುವ ಬಾಲ್ಕನಿಯ ಲೆಕ್ಕ ಹಾಕಿ ನೋಡಿ. ಡಿಸೆಂಬರ್ 22ರ ಮಧ್ಯಾಹ್ನ ಸೂರ್ಯ ದಿಗಂತದಿಂದ ಸುಮಾರು 54 ಡಿಗ್ರಿ ಎತ್ತರದಲ್ಲಿದ್ದು, ಬಿಸಿಲು ಸಜ್ಜೆಯ ಅಂಚಿನಿಂದ ಏಳಡಿಗೂ ಹೆಚ್ಚು ಒಳಕ್ಕೆ ಬರುತ್ತದೆ. ಮಾರ್ಚ್ 21ಕ್ಕೆ ಅದು ಎರಡಡಿ ಚಿಲ್ಲರೆಗೆ ಇಳಿಯುತ್ತದೆ. ಏಪ್ರಿಲ್ ಕೊನೆಗೆ ಸೊನ್ನೆ. ಅಲ್ಲಿಂದ ಆಗಸ್ಟ್‌ವರೆಗೆ ಮಧ್ಯಾಹ್ನದ ಬಿಸಿಲು ದಕ್ಷಿಣದ ಬಾಲ್ಕನಿಯೊಳಗೆ ಇಣುಕುವುದೇ ಇಲ್ಲ. ಕತ್ತಲೆಂದು ಜನ ಮೂಗು ಮುರಿಯುವ ಉತ್ತರದ ಬಾಲ್ಕನಿಗೆ ಅದೇ ತಿಂಗಳುಗಳಲ್ಲಿ ಬೆಳಿಗ್ಗೆ ಸಂಜೆ ಓರೆಬಿಸಿಲು ಬೀಳುತ್ತದೆ, ಮೋಡವಿಲ್ಲದಿದ್ದರೆ. ಎದುರಿಗೆ ನಾಲ್ಕಂತಸ್ತಿನ ಕಟ್ಟಡವಿದ್ದರೆ ಈ ಲೆಕ್ಕವೂ ತಲೆಕೆಳಗು. ಡಿಸೆಂಬರಿನಲ್ಲಿ ಚೆನ್ನಾಗಿದ್ದ ಗಿಡ ಜೂನಿನಲ್ಲಿ ಸೊರಗಿದರೆ ಗೊಬ್ಬರ ಹಾಕುವುದು ವ್ಯರ್ಥ. ಕುಂಡವನ್ನು ಎರಡಡಿ ಆಚೆಗೆ ಸರಿಸುವುದು ಲೇಸು.

ಬೆಳಕು ಗೊತ್ತಾದ ಮೇಲೆ ಗಿಡಗಳ ಆಯ್ಕೆ ಅಷ್ಟು ಕಷ್ಟವಲ್ಲ. ದಿನಕ್ಕೆ ಐದಾರು ಗಂಟೆ ನೇರ ಬಿಸಿಲಿರುವ ತಾರಸಿಯಂಚಿಗೆ ಕ್ರೋಟನ್, ಕುಂಡದಲ್ಲೇ ಸವರಿ ಕುಳ್ಳಗಿಟ್ಟ ಬೋಗನ್‌ವಿಲ್ಲಾ, ಕೆಂಪು ಹರಿವೆ. ಹರಿವೆಯನ್ನು ಅಡುಗೆಮನೆಯ ಗಿಡವೆಂದು ಹೂತೋಟದಿಂದ ಹೊರಗಿಟ್ಟಿರುವುದು ನಮ್ಮ ಹಮ್ಮು, ಆ ದಟ್ಟ ಕೆಂಪಿಗೆ ಸರಿಸಾಟಿಯಾದ ಎಲೆಗಳು ಕಡಿಮೆ. ಬೆಳಗಿನ ಒಂದೆರಡು ಗಂಟೆ ಬಿಸಿಲು ಬಿದ್ದು ಉಳಿದ ಹೊತ್ತು ಬೆಳಕಷ್ಟೇ ಇರುವ ಕಡೆಗೆ ಕೋಲಿಯಸ್ ಒಪ್ಪುತ್ತದೆ. ಇದು ನಮ್ಮ ದೊಡ್ಡಪತ್ರೆಯ ಹತ್ತಿರದ ನೆಂಟ; ಕಡ್ಡಿ ಮುರಿದು ನೀರಲ್ಲಿಟ್ಟರೂ ಬೇರು ಬಿಡುತ್ತದೆ, ತುದಿ ಚಿವುಟಿದಷ್ಟೂ ಪೊದೆಯಾಗುತ್ತದೆ. ನೇರ ಬಿಸಿಲೇ ಇಲ್ಲದ ಕಡೆ ಆಗ್ಲೊನೀಮ, ಮನಿಪ್ಲಾಂಟ್. ಹಳದಿ ಮಚ್ಚೆಯ ಮನಿಪ್ಲಾಂಟ್ ತಾನಾಗಿ ಹೂ ಬಿಡುವುದೇ ಇಲ್ಲವೆನ್ನಬೇಕು. ಜಿಬ್ಬರೆಲಿನ್ ಎಂಬ ಹಾರ್ಮೋನು ತಯಾರಿಸಲು ಬೇಕಾದ ಒಂದು ಜೀನ್ ಕೆಲಸ ಮಾಡದಿರುವುದೇ ಕಾರಣವೆಂದು 2016ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಹೂವನ್ನೇ ಕಾಣದೆ ಇಡೀ ಜಗತ್ತಿನ ಮನೆಗಳನ್ನು ಹೊಕ್ಕ ಗಿಡವಿದು. ಒಂದು ಎಚ್ಚರ: ಆಗ್ಲೊನೀಮ, ಮನಿಪ್ಲಾಂಟ್‌ಗಳು ಕೆಸುವಿನ ಕುಟುಂಬದವು, ಕೆಸುವಿನಂತೆಯೇ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿ ಹರಳುಗಳನ್ನು ಹೊತ್ತಿವೆ. ಹರಳು ಗಿಡದ ಕುಟುಂಬದ ಕ್ರೋಟನ್ನಿನ ರಸವೂ ಒಳ್ಳೆಯದಲ್ಲ. ಮಗುವಿನ, ಬೆಕ್ಕಿನ ಬಾಯಿಗೆ ಎಟುಕದಂತಿಡಿ.

ಎಷ್ಟು ಬಣ್ಣ ಬೇಕು ಎಂಬುದೂ ವಿಜ್ಞಾನದ ಪ್ರಶ್ನೆಯೇ. ಪ್ಯಾರಿಸಿನ ಗೊಬ್ಲಾಂ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗದ ಮುಖ್ಯಸ್ಥನಾಗಿದ್ದ ರಸಾಯನಶಾಸ್ತ್ರಜ್ಞ ಶೆವ್ರೂಲ್, ಕಪ್ಪು ದಾರ ಮಂಕಾಗಿದೆ ಎಂಬ ದೂರನ್ನು ಪರಿಶೀಲಿಸುತ್ತ ಹೋಗಿ, ದೋಷ ಬಣ್ಣದಲ್ಲಲ್ಲ, ಪಕ್ಕದ ದಾರದ ಬಣ್ಣದಲ್ಲಿದೆ ಎಂದು ಕಂಡುಕೊಂಡ. ಅಕ್ಕಪಕ್ಕದ ಬಣ್ಣಗಳು ಕಣ್ಣಿನಲ್ಲಿ ಒಂದನ್ನೊಂದು ಬದಲಿಸುತ್ತವೆ ಎಂಬ ಅವನ ನಿಯಮದ ಪುಸ್ತಕ 1839ರಲ್ಲಿ ಬಂತು. ಕೆಂಪಿನ ಪಕ್ಕ ಹಸಿರಿದ್ದರೆ ಎರಡೂ ಏರುತ್ತವೆ. ಕೆಂಪಿನ ಪಕ್ಕ ಕಿತ್ತಳೆ, ಅದರ ಪಕ್ಕ ಗುಲಾಬಿ, ನೇರಳೆ ಎಲ್ಲ ಒಂದೇ ಗಜದೊಳಗೆ ತುರುಕಿದರೆ ಯಾವುದೂ ಏರುವುದಿಲ್ಲ. ಇಳಕಲ್ ಸೀರೆ ನೇಯುವವರು ಕಡುಬಣ್ಣದ ಒಡಲನ್ನು ವಿಶಾಲವಾಗಿ ಬಿಟ್ಟು ಕೆಂಪನ್ನು ಸೆರಗಿಗೆ ಮೀಸಲಿಟ್ಟ ಹಾಗೆ, ಅರ್ಧಕ್ಕಿಂತ ಹೆಚ್ಚು ಕುಂಡಗಳು ಬರೀ ಹಸಿರಾಗಿದ್ದರೇ ಉಳಿದ ಬಣ್ಣಕ್ಕೆ ಬೆಲೆ. ಇನ್ನೊಂದು ಸಂಗತಿ ನೌಕರಿಗೆ ಹೋಗುವವರಿಗೆ ಸಂಬಂಧಿಸಿದ್ದು. ಮುಸ್ಸಂಜೆಯಲ್ಲಿ ಕೆಂಪು ಬೇಗ ಕಪ್ಪಾಗುತ್ತದೆ. 19ನೇ ಶತಮಾನದ ಆರಂಭದಲ್ಲಿ ಇದನ್ನು ಗುರುತಿಸಿದವನು ಚೆಕ್ ಶರೀರವಿಜ್ಞಾನಿ ಪುರ್ಕಿನ್ಯೆ. ಹಗಲಲ್ಲಿ ಕಣ್ಣಿಗೆ ಅತಿ ಹೆಚ್ಚು ಕಾಣುವುದು 555 ನ್ಯಾನೊಮೀಟರಿನ ಹಳದಿ ಹಸಿರು. ಬೆಳಕು ಕುಂದಿದಾಗ ಆ ಸೂಕ್ಷ್ಮತೆ ನೀಲಿಯ ಕಡೆಗೆ, ಸುಮಾರು 505ಕ್ಕೆ ಸರಿಯುತ್ತದೆ. ಸಂಜೆ ಆರೂವರೆಗೆ ಮನೆ ಸೇರುವವರು ಕಡುಗೆಂಪು ಕ್ರೋಟನ್ ಸಾಕುವುದಕ್ಕಿಂತ ಬಿಳಿ ಅಂಚಿನ, ತಿಳಿಹಳದಿಯ ಎಲೆ ಆರಿಸಿಕೊಳ್ಳುವುದು ಜಾಣತನ.

ಎಲೆಯ ವಾದಕ್ಕೆ ಬಲವಾದ ಆಕ್ಷೇಪವೆಂದರೆ ಜೇನ್ನೊಣದ್ದು. ಬಣ್ಣದ ಎಲೆಯಿಂದ ಅದಕ್ಕೆ ಮಕರಂದವೂ ಇಲ್ಲ, ಪರಾಗವೂ ಇಲ್ಲ. ಹೂವೇ ಇಲ್ಲದ ಬಾಲ್ಕನಿ ಕಣ್ಣಿಗೆ ಚೆನ್ನ, ಕೀಟಕ್ಕೆ ಬರಡು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ನಮ್ಮ ಕಣ್ಣಿಗೆ ಬೇಕಾದ ಹೂವೂ ಜೇನಿಗೆ ಬೇಕಾದ ಹೂವೂ ಒಂದೇ ಅಲ್ಲ. ಜೇನ್ನೊಣಕ್ಕೆ ಬಣ್ಣ ಕಾಣುತ್ತದೆಂದು 20ನೇ ಶತಮಾನದ ಆರಂಭದಲ್ಲಿ ಪ್ರಯೋಗಗಳಿಂದ ತೋರಿಸಿದ ಕಾರ್ಲ್ ಫಾನ್ ಫ್ರಿಶ್, ಅದಕ್ಕೆ ಕೆಂಪು ಕಾಣದೆಂಬುದನ್ನೂ ತೋರಿಸಿದ. ಸುತ್ತು ದಾಸವಾಳದಂಥ ಹೂಗಳಲ್ಲಿ ಕೇಸರಗಳೇ ಹೆಚ್ಚುವರಿ ದಳಗಳಾಗಿ ಮಾರ್ಪಟ್ಟಿರುವುದರಿಂದ ನೊಣಕ್ಕೆ ಸಿಗುವುದು ಕಡಿಮೆ. ನಮ್ಮ ಕಣ್ಣಿಗೆ ಬೀಳದ ತುಳಸಿಯ ತೆನೆಗೆ ಅವು ಮುತ್ತುತ್ತವೆ. ಹಾಗಾಗಿ ಬಣ್ಣದ ಕೆಲಸ ಎಲೆಗೆ, ಮಕರಂದದ ಕೆಲಸ ತುಳಸಿ, ಚಿವುಟದೆ ಬಿಟ್ಟ ಕೋಲಿಯಸ್ ತೆನೆ, ಒಂಟಿಸುತ್ತಿನ ಹೂಗಳಿಗೆ ಎಂದು ಹಂಚಿದರೆ ಎರಡಕ್ಕೂ ಎಡೆಯಿದೆ. ಬಣ್ಣ ಬದಲಿಸುವ ಲಂಟಾನ ಚಿಟ್ಟೆಗಳಿಗೆ ಇಷ್ಟವೆಂಬುದು ನಿಜ. ಆದರೂ ಬಂಡೀಪುರದ ಕಾಡನ್ನು ನುಂಗಿದ ಗಿಡದ ಬಂಧುವನ್ನು ಕುಂಡದಲ್ಲಿ ಸಾಕುವುದು ಬೇಡ.

ಪೂಜೆಗೆ, ಮುಡಿಗೆ ಹೂವು ಬೇಡವೇ ಎಂಬುದು ಇನ್ನೊಂದು ಪ್ರಶ್ನೆ. ಬೇಕು, ಆದರೆ ಯಾವುದೆಂದು ನೋಡಿ ಆರಿಸಬೇಕು. ಸೇವಂತಿಗೆ ಮೊಗ್ಗಾಗುವುದು ರಾತ್ರಿ ಉದ್ದವಾದಾಗ. ಹಗಲಿರುಳುಗಳ ಉದ್ದ ಹೂಬಿಡುವಿಕೆಯನ್ನು ನಿರ್ಧರಿಸುತ್ತದೆ ಎಂದು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ 1920ರಲ್ಲಿ ತೋರಿಸಿದರು. ಸೇವಂತಿಗೆ ಹೊಲಗಳಲ್ಲಿ ರೈತರು ರಾತ್ರಿ ಬಲ್ಬು ಉರಿಸಿ ಹೂವನ್ನು ಮಾರುಕಟ್ಟೆಯ ಕಾಲಕ್ಕೆ ತಡೆಹಿಡಿಯುವುದು ಇದೇ ತತ್ವದ ಮೇಲೆ. ಬೀದಿದೀಪ ನೇರ ಬೀಳುವ ಬಾಲ್ಕನಿಯಲ್ಲಿ ಸೇವಂತಿಗೆ, ಪಾಯಿನ್ಸೆಟಿಯಗಳು ಹಟ ಹಿಡಿಯುವ ಗುಟ್ಟೂ ಅದೇ. ಇವಕ್ಕಿಂತ, ಕರಾವಳಿಯವರು ಅಬ್ಬಲಿಗೆ ಎನ್ನುವ ಕನಕಾಂಬರ ಮೇಲು. ದಕ್ಷಿಣ ಭಾರತ, ಶ್ರೀಲಂಕಾಗಳ ಈ ಗಿಡ ಅರೆನೆರಳನ್ನು ಸಹಿಸುತ್ತದೆ. ಅದರ ತೆನೆಯಲ್ಲಿ ಹೂಗಳು ಬುಡದಿಂದ ತುದಿಗೆ ಸರದಿಯಲ್ಲಿ ಅರಳುವುದರಿಂದ ಒಂದೇ ತೆನೆ ಬಹುದಿನ ಬಣ್ಣ ಕೊಡುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅರ್ಕಾ ಅಂಬರ, ಅರ್ಕಾ ಕನಕ ಮೊದಲಾದ ತಳಿಗಳನ್ನು ಕೊಟ್ಟಿದೆ. ಹೊಲದಲ್ಲಿ ಇದರ ದೊಡ್ಡ ಶತ್ರು ಬೇರಿಗೆ ಅಂಟುವ ಜಂತುಹುಳು. ಕುಂಡದಲ್ಲಿ ಹೊಸ ಮಣ್ಣು ಹಾಕಿದರೆ ಆ ಕಾಟ ಬಹಳ ಮಟ್ಟಿಗೆ ತಪ್ಪುತ್ತದೆ. ವರ್ಷದ ಬಹುಕಾಲ ಹೂವಿರುವ ನಿತ್ಯಪುಷ್ಪ, ಬಿಸಿಲಿದ್ದರೆ ಕೇಪಳ, ಇಷ್ಟಿದ್ದರೆ ಸಾಕು.

ಕೇಪಳದ ಹೆಸರೆತ್ತಿದ ಮೇಲೆ ನೀರಿನ ಮಾತೂ ಬರಬೇಕು. ಬೋರ್‌ವೆಲ್ಲಿನ ಗಡಸು ನೀರಲ್ಲಿರುವ ಬೈಕಾರ್ಬನೇಟು ಕುಂಡದ ಮಣ್ಣನ್ನು ದಿನೇದಿನೇ ಕ್ಷಾರೀಯಗೊಳಿಸುತ್ತದೆ; ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ. ಆಗ ಕೇಪಳದ ಎಳೆಯೆಲೆಗಳಲ್ಲಿ ನರಗಳಷ್ಟೇ ಹಸಿರಾಗಿ ಉಳಿದು ನಡುಭಾಗ ಹಳದಿಯಾಗುತ್ತದೆ. ಇದು ನಾವು ಬಯಸಿದ ಹಳದಿಯಲ್ಲ. ಮಳೆನೀರು ಹಿಡಿದು ಹಾಕುವುದು ಸುಲಭ ಪರಿಹಾರ. ಕುಂಡದ ಗಾತ್ರದಲ್ಲೂ ಜಿಪುಣತನ ಬೇಡ: ಹೆಂಡ್ರಿಕ್ ಪೂರ್ಟರ್ ಮತ್ತು ಸಂಗಡಿಗರು 2012ರಲ್ಲಿ 65 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕುಂಡದ ಗಾತ್ರ ಇಮ್ಮಡಿಯಾದರೆ ಗಿಡದ ತೂಕ ಸರಾಸರಿ ಶೇಕಡ 43ರಷ್ಟು ಹೆಚ್ಚುತ್ತದೆಂದು ಕಂಡುಬಂತು. ಇಪ್ಪತ್ತು ಚಿಕ್ಕ ಕುಂಡಗಳಿಗಿಂತ ಎಂಟು ದೊಡ್ಡವು ಲೇಸು, ಸಜ್ಜೆ ಆ ಭಾರ ತಾಳುವುದಾದರೆ.

ನರ್ಸರಿಯಿಂದ ತಂದ ಕ್ರೋಟನ್ ಮೊದಲ ಕೆಲವು ವಾರಗಳಲ್ಲಿ ಒಂದಷ್ಟು ಎಲೆ ಉದುರಿಸುತ್ತದೆ. ಗಾಬರಿಯಾಗಿ ಎಸೆಯಬೇಡಿ, ನೀರು ಸುರಿಯಬೇಡಿ. ಉದುರಿದ್ದು ನರ್ಸರಿಯ ಬೆಳಕಿನಲ್ಲಿ ಬೆಳೆದ ಎಲೆ. ನಿಮ್ಮ ಬಾಲ್ಕನಿಯಲ್ಲೇ ಚಿಗುರಿ ಬಲಿತ ಮೂರು ನಾಲ್ಕು ಎಲೆಗಳನ್ನು ನೋಡಿದ ಮೇಲೆ, ಆ ಗಿಡ ಅಲ್ಲಿರಬೇಕೋ ಪಕ್ಕದ ಮೂಲೆಗೆ ಹೋಗಬೇಕೋ ತೀರ್ಮಾನಿಸಿ.